ಜ್ವರ ಬಿಟ್ಟ ಮೇಲಿನ ಎಕೋ ತಪ್ಪಿಸಬೇಡಿ

ಕೊಡಗಿನ ತಂದೆ-ತಾಯಂದಿರಲ್ಲಿ, ತೋಟದ ಮಾಲೀಕರಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಒಂದು ಕಳಕಳಿಯ ಮನವಿ.

ಮಕ್ಕಳನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯವರು ಕೊಡುವ ಚೀಟಿಯ ಕೊನೆಯಲ್ಲಿ ಕೆಲವೊಮ್ಮೆ ಒಂದು ಸಾಲಿರುತ್ತದೆ: ಆರು ವಾರ ಕಳೆದು ಮತ್ತೆ ಹೃದಯದ ಎಕೋ ಪರೀಕ್ಷೆ ಮಾಡಿಸಿ. ಆ ಹೊತ್ತಿಗೆ ಮಗು ಹೊಟ್ಟೆ ತುಂಬ ಉಂಡು, ಹಾಕಿ ಕೋಲು ಹಿಡಿದು ಅಂಗಳದ ತುಂಬ ಓಡುತ್ತಿರುತ್ತದೆ. “ಚೆನ್ನಾಗಿ ಆಡ್ಕೊಂಡಿದೆಯಲ್ಲ, ಇನ್ಯಾಕೆ ಆಸ್ಪತ್ರೆ?” ಅನ್ನಿಸುವುದು ಸಹಜ. ಆದರೂ ಕರೆದುಕೊಂಡು ಹೋಗಿ.

ಎಲ್ಲ ಜ್ವರಕ್ಕೂ ಈ ಮಾತು ಅನ್ವಯಿಸುವುದಿಲ್ಲ. ಕಾವಾಸಾಕಿ ಕಾಯಿಲೆ, ಕೋವಿಡ್ ಬಂದುಹೋದ ಕೆಲವು ವಾರಕ್ಕೆ ಕಾಣಿಸುವ ಮಿಸ್-ಸಿ, ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ, ಈ ಮೂರರಲ್ಲೂ ಮೈಯೊಳಗಿನ ಉರಿಯೂತ ಹೃದಯವನ್ನು ಮುಟ್ಟಬಹುದು. ಮಿಸ್-ಸಿಯನ್ನು 2021ರ ಎರಡನೇ ಅಲೆಯ ನಂತರ ಕರ್ನಾಟಕದ ಮಕ್ಕಳ ವಾರ್ಡುಗಳು ಕಂಡಿವೆ. ಅದರಲ್ಲಿ ಹೃದಯದ ಪಂಪು ಸೋಲಬಹುದು; ಹೆಚ್ಚಿನ ಮಕ್ಕಳಲ್ಲಿ ಚೇತರಿಸಿಕೊಳ್ಳುತ್ತದೆ. ಚೇತರಿಸಿಕೊಂಡಿತೆಂದು ಹೇಳಬೇಕಾದದ್ದು ಮಾತ್ರ ಎಕೋ.

ಕಾವಾಸಾಕಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೋಸ ಹೋಗುವುದು ಇದರಲ್ಲೇ ಹೆಚ್ಚು. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕಾವಾಸಾಕಿ 1967ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿ ಈ ಕಾಯಿಲೆಯನ್ನು ಗುರುತಿಸಿದರು. ಹೆಚ್ಚಾಗಿ ಐದು ವರ್ಷದೊಳಗಿನವರಿಗೆ ಬರುತ್ತದೆ. ಐದು ದಿನವಾದರೂ ಇಳಿಯದ ಜ್ವರ, ಪಿಸುರಿಲ್ಲದ ಕೆಂಗಣ್ಣು, ಒಡೆದ ಕೆಂಪು ತುಟಿ, ಮೈಮೇಲೆ ದದ್ದು, ಊದಿದ ಅಂಗೈ ಅಂಗಾಲು, ಕತ್ತಿನಲ್ಲಿ ಗಡ್ಡೆ. ಕೆಲವು ದಿನ ಕಳೆದ ಮೇಲೆ ಬೆರಳ ತುದಿಯ ಚರ್ಮ ಸುಲಿಯುತ್ತದೆ. ಚಿಕಿತ್ಸೆ ಸಿಗದಿದ್ದರೆ ಸುಮಾರು ನಾಲ್ವರಲ್ಲಿ ಒಂದು ಮಗುವಿನ ಹೃದಯದ ರಕ್ತನಾಳ ಉಬ್ಬುತ್ತದೆ. ಜ್ವರ ಶುರುವಾದ ಹತ್ತು ದಿನದೊಳಗೆ ಇಮ್ಯುನೋಗ್ಲಾಬುಲಿನ್ ಔಷಧಿ ಕೊಟ್ಟರೆ ಆ ಅಪಾಯ ಬಹಳ ತಗ್ಗುತ್ತದೆ, ಇಲ್ಲವಾಗುವುದಿಲ್ಲ.

ಈ ಉಬ್ಬು ಜ್ವರವಿದ್ದಾಗಲೇ ಕಾಣಿಸಬೇಕೆಂದಿಲ್ಲ. ಜ್ವರ ಇಳಿದ ಮೇಲಿನ ವಾರಗಳಲ್ಲಿ ಅದು ಬೆಳೆಯಬಹುದು. ಮೊದಲ ಎಕೋ ನಾರ್ಮಲ್ ಬಂದ ಮಗುವಿಗೂ ಒಂದೆರಡು ವಾರದೊಳಗೆ ಒಮ್ಮೆ, ಆಮೇಲೆ ನಾಲ್ಕರಿಂದ ಆರು ವಾರದ ಹೊತ್ತಿಗೆ ಮತ್ತೊಮ್ಮೆ ನೋಡುವುದು ಇದಕ್ಕೇ. ಉಬ್ಬಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಪುಟ್ಟ ಮಗುವಿಗೂ ಹೃದಯಾಘಾತವಾಗಬಹುದು. ಅಲ್ಲಿಯವರೆಗೆ ನೋವಿಲ್ಲ, ಸುಸ್ತಿಲ್ಲ. ಅದಕ್ಕೇ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್ ಮಾತ್ರೆಯನ್ನು ವೈದ್ಯರು ಹೇಳುವ ತನಕ ನಿಲ್ಲಿಸಬಾರದು. ಆ ನಡುವೆ ಸೀತಾಳೆ ಸಿಡುಬೋ ಫ್ಲೂ ಜ್ವರವೋ ಬಂದರೆ ಕೂಡಲೇ ಅವರಿಗೆ ತಿಳಿಸಬೇಕು.

ಎಕೋಗೆ ಹೆದರುವಂಥದ್ದೇನೂ ಇಲ್ಲ. ಎದೆಗೆ ಜೆಲ್ ಹಚ್ಚಿ ಶಬ್ದದ ಅಲೆಯಿಂದ ನೋಡುತ್ತಾರೆ; ಸೂಜಿಯಿಲ್ಲ, ಎಕ್ಸ್‌ರೇ ಕಿರಣವಿಲ್ಲ. ಎಳೆಯ ಮಗು ಅತ್ತರೆ ಅಳತೆ ಸರಿಯಾಗಿ ಸಿಗುವುದಿಲ್ಲ, ಹಾಲು ಕುಡಿಸಿ ಮಲಗಿಸುವ ಹೊತ್ತಿಗೆ ಸರಿಹೊಂದಿಸಿಕೊಳ್ಳಿ. ಹಳೆಯ ರಿಪೋರ್ಟುಗಳನ್ನೆಲ್ಲ ಒಯ್ಯಿರಿ. ನಾಳದ ಅಗಲವನ್ನು ಮಗುವಿನ ಎತ್ತರ-ತೂಕಕ್ಕೆ, ಹಿಂದಿನ ಅಳತೆಗೆ ಹೋಲಿಸಿಯೇ ಹೇಳಬೇಕು.

ನಮ್ಮ ಜಿಲ್ಲೆಯ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ರೈಲಿಲ್ಲ. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಇದ್ದರೂ ಮಕ್ಕಳ ಹೃದಯಕ್ಕೆಂದು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಬರೆದುಕೊಟ್ಟರೆ ಮಡಿಕೇರಿಯಿಂದ 120 ಕಿಲೋಮೀಟರು. ಕರಿಕೆಯವರಿಗೋ ಬಿರುನಾಣಿಯವರಿಗೋ ಇನ್ನೂ ದೂರ. ಕಕ್ಕಡದ ಮಳೆಯಲ್ಲಿ ಮರ ಬಿದ್ದು, ಗುಡ್ಡ ಜರಿದು ದಾರಿ ಮುಚ್ಚುತ್ತದೆ. 2018ರ ಆಗಸ್ಟಿನ ಭೂಕುಸಿತವನ್ನು ಯಾರೂ ಮರೆತಿಲ್ಲ. ತೋಟದ ಲೈನ್ ಮನೆಯಲ್ಲಿರುವ ಕೂಲಿ ತಂದೆ-ತಾಯಿಗಂತೂ ಒಂದು ಎಕೋ ಎಂದರೆ ಇಬ್ಬರ ಒಂದು ದಿನದ ಕೂಲಿ ಹೋದಂತೆ. ಅಸ್ಸಾಮಿನಿಂದ ಬಂದು ದುಡಿಯುವವರಿಗೆ ಚೀಟಿಯಲ್ಲಿ ಏನಿದೆ ಎಂದು ಓದಿ ಹೇಳುವವರೂ ಇರುವುದಿಲ್ಲ.

ತೋಟದ ಮಾಲೀಕರೇ, ಆ ಒಂದು ದಿನದ ಸಂಬಳ ಹಿಡಿಯಬೇಡಿ. ಕಾಫಿ ಕುಯ್ಲಿನ ಭರದಲ್ಲಿದ್ದರೂ ಬಿಟ್ಟುಕೊಡಿ. ಸಾಧ್ಯವಾದರೆ ಜೀಪು ಕಳಿಸಿ. ಆಶಾ ಅಕ್ಕಂದಿರೇ, ಲಸಿಕೆಯ ದಿನಾಂಕದ ಜೊತೆಗೆ ಎಕೋ ದಿನಾಂಕವನ್ನೂ ಬರೆದುಕೊಳ್ಳಿ. ಇಮ್ಯುನೋಗ್ಲಾಬುಲಿನ್ ಪಡೆದ ಮಗುವಿಗೆ ದಡಾರದ ಲಸಿಕೆ ಹನ್ನೊಂದು ತಿಂಗಳು ಮುಂದಕ್ಕೆ ಹೋಗುತ್ತದೆ ಎಂಬುದೂ ನಿಮ್ಮ ಗಮನದಲ್ಲಿರಲಿ. ಮೇಷ್ಟ್ರುಗಳೇ, ಕೀಲು ನೋವು ಇವತ್ತು ಮಂಡಿಗೆ, ನಾಳೆ ಮಣಿಕಟ್ಟಿಗೆ ಎಂದು ಅಲೆಯುತ್ತಿರುವ ಮಗುವನ್ನು ನೆಪ ಹೇಳುತ್ತಿದೆ ಎಂದು ಗದರಬೇಡಿ. ಅದು ರುಮ್ಯಾಟಿಕ್ ಜ್ವರವಿರಬಹುದು. ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕಾಗುವ ಆ ಮಕ್ಕಳು ನೋವಿಗೆ ಬೇಸತ್ತು ಬಿಟ್ಟುಬಿಡುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ ಶಾಲೆಗೆ ಬಂದಾಗ ಅಂಥವರನ್ನು ಮೊದಲು ತೋರಿಸಿ.

ಆರೋಗ್ಯ ಇಲಾಖೆಗೂ ಒಂದು ಕೋರಿಕೆ. ಮಕ್ಕಳ ಎಕೋಗೆ ಜಿಲ್ಲೆಯೊಳಗೇ ತಿಂಗಳಿಗೊಂದು ದಿನ ಗೊತ್ತುಮಾಡಿ, ಐದೂ ತಾಲ್ಲೂಕುಗಳಿಗೆ ಮುಂಚೆಯೇ ತಿಳಿಸಿ. ಮಳೆಗಾಲಕ್ಕೆ ಮುನ್ನ ಯಾರ ಎಕೋ ಬಾಕಿಯಿದೆ ಎಂದು ಪಟ್ಟಿ ತೆಗೆದು ಮನೆಗಳಿಗೆ ಫೋನ್ ಮಾಡಿಸಿ.

ಮನೆಯಲ್ಲಿ ಈ ಮೂರು ಕಾಯಿಲೆಗಳಲ್ಲೊಂದು ಬಂದುಹೋದ ಮಗುವಿದ್ದರೆ ಇವತ್ತೇ ಆ ಚೀಟಿ ಹುಡುಕಿ, ದಿನಾಂಕ ನೋಡಿ. ಅದು ದಾಟಿ ತಿಂಗಳಾಗಿರಲಿ, ವರ್ಷವಾಗಿರಲಿ, ಬೈಯುತ್ತಾರೆಂದು ಅಂಜಬೇಡಿ. ತಡವಾಗಿ ಮಾಡಿಸಿದ ಎಕೋದಲ್ಲಿ ಉಬ್ಬು ಕಂಡರೂ ಔಷಧಿಯಿದೆ, ಯಾವ ಆಟ ಆಡಬಹುದು ಎಂಬ ಸಲಹೆಯಿದೆ, ಮುಂದಿನ ತಪಾಸಣೆಗೆ ದಾರಿಯಿದೆ.