ಕೊಳ್ಳುವ ಹಣವೂ ನಡೆಸುವ ಹಣವೂ

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 2025ರ ಆಗಸ್ಟ್ 24ರಂದು 32 ಬಸ್ಸು ಮಾರ್ಗಗಳು ಒಮ್ಮೆಗೇ ನಿಂತುಹೋದುವು. ಸಾರಿಗೆ ಸಂಸ್ಥೆಯ ಕೊರತೆ 21 ಕೋಟಿ 30 ಲಕ್ಷ ಡಾಲರು. ಬಸ್ಸುಗಳು ಸರ್ಕಾರದ ಕೈಯಲ್ಲಿದ್ದುದರಿಂದಲೇ ಹೀಗಾಯಿತೆನ್ನುವವರು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಹಿಂದಿನ ಸಂಗತಿಯನ್ನು ನೋಡಿದರೆ ಈ ಮಾತು ನಿಲ್ಲತಕ್ಕದ್ದಲ್ಲ.

ಎರಡನೆಯ ಮಹಾಯುದ್ಧವು ಮುಗಿದ ತರುವಾಯ ಆ ದೇಶದ ನಗರಗಳಲ್ಲಿ ಬಸ್ಸು ನಡೆಸುತ್ತಿದ್ದ ಖಾಸಗಿ ಕಂಪೆನಿಗಳು ಒಂದೊಂದಾಗಿ ಸೊರಗಿದುವು. ಸ್ವಂತ ಮೋಟಾರು ಕೊಂಡವರು ಬಸ್ಸನ್ನು ಬಿಟ್ಟರು. ಕಂಪೆನಿಗಳು ದರವನ್ನೇರಿಸಿ ಬಸ್ಸುಗಳನ್ನು ಕಡಮೆಮಾಡಿದುವು. ಆಗ ಇನ್ನಷ್ಟು ಜನರು ಬಿಟ್ಟರು. ಮೋಟಾರಿಲ್ಲದ ಕೂಲಿಕಾರರೂ ವೃದ್ಧರೂ ಏನುಮಾಡಬೇಕು? ಅಧ್ಯಕ್ಷ ಲಿಂಡನ್ ಜಾನ್ಸನ್ನರು 1964ರ ಜುಲೈ 9ರಂದು ಅಂಕಿತ ಹಾಕಿದ ನಗರ ಸಾರಿಗೆಯ ಕಾಯಿದೆಯು ಇದಕ್ಕೆ ಉತ್ತರವಾಗಿ ಬಂದಿತು. ಮೂರು ವರ್ಷಗಳಿಗೆ 37 ಕೋಟಿ 50 ಲಕ್ಷ ಡಾಲರುಗಳನ್ನು ಗೊತ್ತುಮಾಡಿ, ನಿವ್ವಳ ವೆಚ್ಚದ ಮೂರರಲ್ಲಿ ಎರಡು ಪಾಲಿನವರೆಗೆ ಕೇಂದ್ರ ಸರ್ಕಾರವು ಕೊಡುವುದೆಂದಾಯಿತು. ಕಂಪೆನಿಯು ಕೈಬದಲಾದಾಗ ನೌಕರರ ಹಕ್ಕುಗಳಿಗೆ ಚ್ಯುತಿ ಬರಬಾರದೆಂಬ ವಿಧಿಯನ್ನೂ ಸೇರಿಸಿದುದು ಶ್ಲಾಘ್ಯವೇ ಸರಿ. (ಅಂತರರಾಜ್ಯ ಹೆದ್ದಾರಿಗಳಿಗಾದರೋ 1956ರಿಂದಲೇ ನೂರಕ್ಕೆ 90 ಪಾಲು ದೊರೆಯುತ್ತಿತ್ತು!)

ಆದರೆ ಈ ಹಣವು ಕೊಳ್ಳುವುದಕ್ಕೂ ಕಟ್ಟುವುದಕ್ಕೂ ಮಾತ್ರ. ಚಾಲಕನ ಸಂಬಳಕ್ಕೆ, ಎಣ್ಣೆಗೆ, ಬಿಡಿಕಾಸೂ ಇಲ್ಲ. ಲಾಭವಿಲ್ಲವೆಂದೇ ಕಂಪೆನಿಯು ಮಾರಿದ ಬಸ್ಸು ನಗರದ ಕೈಗೆ ಬಂದೊಡನೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವುದೆಂದು ಎಣಿಸಿದವರ ಲೆಕ್ಕ ಎಂಥದೋ ನಾವರಿಯೆವು. ಹತ್ತು ವರ್ಷ ಕಳೆದ ಮೇಲೆ, 1974ರಲ್ಲಿ, ನಡೆಸುವ ವೆಚ್ಚಕ್ಕೂ ನೆರವು ದೊರೆಯಿತು. 1998ರಲ್ಲಿ 2 ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಪ್ರದೇಶಗಳಿಗೆ ಅದು ನಿಂತಿತು. 2020ರ ಮಹಾಮಾರಿಯ ಕಾಲದಲ್ಲಿ ದೇಶದ ಸಾರಿಗೆಗೆ 2,500 ಕೋಟಿ ಡಾಲರುಗಳು ಬಂದುವು. ಅಂಥ ನೆರವು ತೀರಿದೊಡನೆ ಹಳೆಯ ಕೊರತೆಯು ಮತ್ತೆ ತಲೆಯೆತ್ತಿತು.

ಫಿಲಡೆಲ್ಫಿಯಾದ ಸಾರ್ವಜನಿಕ ಸಂಸ್ಥೆಯು ಅಲ್ಲಿನ ಖಾಸಗಿ ಕಂಪೆನಿಯನ್ನು ಕೊಂಡುದು 1968ರಲ್ಲಿ. ನಿಂತ ಮಾರ್ಗಗಳು ನ್ಯಾಯಾಲಯದ ಆಜ್ಞೆಯಾದ ಮೇಲೆ 2025ರ ಸೆಪ್ಟೆಂಬರಿನಲ್ಲಿ ಮರಳಿದುವು. ಹಣ ಎಲ್ಲಿಂದ? ಬಂಡವಾಳದ ಕೆಲಸಗಳಿಗೆಂದು ಇದ್ದ ನಿಧಿಯಿಂದ 39 ಕೋಟಿ 40 ಲಕ್ಷ ಡಾಲರುಗಳವರೆಗೆ ಎರಡು ವರ್ಷಗಳ ನಿತ್ಯವೆಚ್ಚಕ್ಕೆ ಬಳಸಲು ಪೆನ್ಸಿಲ್ವೇನಿಯಾ ರಾಜ್ಯವು ಅನುಮತಿಯಿತ್ತಿತು. 1964ರಲ್ಲಿ ಕೊಳ್ಳಲು ಹಣವಿದ್ದು ನಡೆಸಲು ಇರಲಿಲ್ಲ. ಈಗ ನಡೆಸುವ ಸಲುವಾಗಿ ಹೊಸ ಗಾಡಿಗಳ ಹಣವನ್ನೇ ಉಣ್ಣುವಂತಾಗಿದೆ. ಎರಡು ವರ್ಷಗಳಾದ ಮೇಲೆ ಚಾಲಕನ ಸಂಬಳವೂ ಹಳೆಯ ಗಾಡಿಯ ದುರಸ್ತಿಯೂ ಆ ರಾಜ್ಯದ ಶಾಸನಸಭೆಯ ಬಾಗಿಲನ್ನು ಜೊತೆಯಾಗಿಯೇ ತಟ್ಟುವುವು.