ತೆಂಗಳಿಯ ತೊಗರಿ ಲೆಕ್ಕ ಯಾರ ಲಾಗಿನ್‌ನಲ್ಲಿದೆ?

ಡಿಜಿಟಲ್ ಆಡಳಿತ ಅಂದ ಕೂಡಲೇ ನಾವು ಕೇಳುವುದು ಒಂದೇ ಪ್ರಶ್ನೆ: ‘ನನ್ನ ಅರ್ಜಿ ಸ್ಟೇಟಸ್ ಮೊಬೈಲ್‌ನಾಗ ಕಾಣ್ತದೇನು?’ ಕಾಣ್ತದೆ. ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ನನ್ನ ತಕರಾರು ಬೇರೆ. ನನ್ನ ಸ್ಟೇಟಸ್ ನನಗೆ ಕಂಡರೆ ಅದು ಸೇವೆ. ಆ ತೀರ್ಮಾನ ಹೇಗೆ ಆಯ್ತು ಅಂತ ಊರಿಗೆಲ್ಲ ಕಂಡಾಗ ಮಾತ್ರ ಅದು ಮಾಹಿತಿ ಹಕ್ಕು.

ಹಿಂದೆ ಚಿತ್ತಾಪುರ ತಾಲ್ಲೂಕಿನಲ್ಲಿದ್ದು ಈಗ ಕಾಳಗಿಗೆ ಸೇರಿರುವ ತೆಂಗಳಿಯನ್ನೇ ತಗೊಳ್ಳಿ. ಇದು ತೊಗರಿ ಸೀಮೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. 2022–23ರಲ್ಲಿ ಇದೇ ಜಿಲ್ಲೆಯ ತೊಗರಿ ನೆಟೆ ರೋಗಕ್ಕೆ ನಿಂತ ನಿಂತಲ್ಲೇ ಒಣಗಿತು. ಇಲ್ಲಿನ ರೈತರು ಫಸಲ್ ಬಿಮಾ ಯೋಜನೆಯಡಿ ಮುಂಗಾರು ತೊಗರಿಗೆ ವಿಮಾ ಮೊತ್ತದ 2% ಪ್ರೀಮಿಯಂ ಕಟ್ಟುತ್ತಾರೆ. ಕಟ್ಟಿದ್ದು, ಅರ್ಜಿ ಸಂಖ್ಯೆ, ಹಣ ಬಂತೋ ಇಲ್ಲವೋ ಎಲ್ಲವೂ ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ಸಿಗುತ್ತದೆ.

ಆದರೆ ಹಣ ಬರುವುದೋ ಬಾರದೋ ಎನ್ನುವುದನ್ನು ನಿರ್ಧರಿಸುವುದು ಆ ರೈತನ ಹೊಲ ಅಲ್ಲ! ತೊಗರಿಯಂಥ ಮುಖ್ಯ ಬೆಳೆಗೆ ವಿಮಾ ಘಟಕ ಗ್ರಾಮ ಪಂಚಾಯ್ತಿ. ಒಂದು ಪಂಚಾಯ್ತಿಯಲ್ಲಿ ಒಂದು ಬೆಳೆಗೆ ಕನಿಷ್ಠ 4 ಕಡೆ ಬೆಳೆ ಕಟಾವು ಪ್ರಯೋಗ ಮಾಡಬೇಕು. ಆ ನಾಲ್ಕು ತುಂಡು ಹೊಲದ ಸರಾಸರಿಯೇ ಇಡೀ ಪಂಚಾಯ್ತಿಯ ಇಳುವರಿ. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬಂದ 5 ವರ್ಷಗಳ ಸರಾಸರಿ ಹಿಡಿದು, ಅದರ ಒಂದು ಭಾಗವನ್ನು ಖಾತರಿ ಇಳುವರಿ ಎಂದು ಮೊದಲೇ ಗೊತ್ತು ಮಾಡಿರುತ್ತಾರೆ. ಉದಾಹರಣೆಗೆ ಖಾತರಿ 400 ಕೆಜಿ, ಕಟಾವಿನಲ್ಲಿ ಬಂದದ್ದು 300 ಕೆಜಿ ಅಂದ್ರೆ ವಿಮಾ ಮೊತ್ತದ ಕಾಲು ಭಾಗ ಸಿಗುತ್ತದೆ. 400 ಬಂತೋ, ಎಲ್ಲರಿಗೂ ಸೊನ್ನೆ. ಪಂಚಾಯ್ತಿಯ ಎಲ್ಲ ತೊಗರಿ ರೈತರ ರೊಕ್ಕ ಆ ನಾಲ್ಕು ತೂಕದ ಮೇಲೆ ನಿಂತಿದೆ.

ಹಾಗಾದರೆ ಯಾವ ನಾಲ್ಕು ಸರ್ವೆ ನಂಬರ್? ಯಾವ ದಿನ ಕೊಯ್ದರು? ಎಷ್ಟು ತೂಗಿತು? ಕಟಾವನ್ನು ಈಗ ಆ್ಯಪ್‌ನಲ್ಲಿ, ಫೋಟೊ ಮತ್ತು ಜಿಪಿಎಸ್ ಸಮೇತ ದಾಖಲಿಸುತ್ತಾರೆ. ತಂತ್ರಜ್ಞಾನ ಮಾಡಬೇಕಾದ್ದನ್ನು ಮಾಡಿದೆ. ಅಂದರೆ ಈ ಲೆಕ್ಕ ಊರ ಕಟ್ಟೆ ಮೇಲೆ ಚರ್ಚೆಯಾಗುವುದಕ್ಕೆ ಅಡ್ಡಿಯಾಗಿರುವುದು ಸಾಫ್ಟ್‌ವೇರ್ ಅಲ್ಲ. ಪಕ್ಕದ ಹೊಲದವನಿಗೆ ಅಲ್ಲಿ ನಿಜಕ್ಕೂ ಎಷ್ಟು ಬಂತು ಅಂತ ಗೊತ್ತಿರುತ್ತದೆ. ಅವನಿಗಿಂತ ಒಳ್ಳೆ ಆಡಿಟರ್ ಇಲ್ಲ. ಅವನ ಬಳಿ ಲಾಗಿನ್ ಮಾತ್ರ ಇಲ್ಲ.

ದಾಖಲೆ ಕಂಪ್ಯೂಟರ್‌ಗೆ ಹೋದಾಗ ಅಧಿಕಾರ ಊರಿಂದ ಮೇಲಕ್ಕೆ ಹೋಗುವುದು ಹೊಸ ಕಥೆಯೇನಲ್ಲ. 2000ದ ದಶಕದ ಶುರುವಿನಲ್ಲಿ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು, ಲೋಕವೆಲ್ಲ ಹೊಗಳಿತು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಅದನ್ನು ಅಧ್ಯಯನ ಮಾಡಿ ಬೇರೆಯದನ್ನೇ ಹೇಳಿದರು: ಲಂಚ ಹೋಗಲಿಲ್ಲ, ಗ್ರಾಮ ಲೆಕ್ಕಿಗನ ಕೈಯಿಂದ ತಾಲ್ಲೂಕು ಮಟ್ಟಕ್ಕೆ ಏರಿತು, ಕೇಂದ್ರೀಕೃತ ದಾಖಲೆಯ ಲಾಭ ದೊಡ್ಡ ಕುಳಗಳಿಗೇ ಹೆಚ್ಚು ಸಿಕ್ಕಿತು. (ಪಹಣಿಗಾಗಿ ಲೆಕ್ಕಿಗನ ಹಿಂದೆ ಅಲೆದ ನಮ್ಮ ಹಿರಿಯರು ಇದನ್ನು ಪೂರ್ತಿ ಒಪ್ಪಲಿಕ್ಕಿಲ್ಲ. ಅದೂ ನಿಜವೇ.)

ಬೇರೆ ದಾರಿಯನ್ನೂ ನಮ್ಮ ಸರ್ಕಾರವೇ ತೋರಿಸಿದೆ. ರಾಜಸ್ಥಾನದ ಜನ ಸೂಚನಾ ಪೋರ್ಟಲ್ 2019ರಲ್ಲಿ ಬಂತು, ಅದರ ಹಾದಿಯಲ್ಲಿ 2021ರಲ್ಲಿ ನಮ್ಮ ‘ಮಾಹಿತಿ ಕಣಜ’. ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಆರಿಸಿದರೆ ಯೋಜನೆಗಳ ಮಾಹಿತಿ ಯಾರಿಗಾದರೂ ಸಿಗಬೇಕು ಎನ್ನುವುದು ಅದರ ಕಲ್ಪನೆ. ಇದು ಉಪಕಾರವೂ ಅಲ್ಲ. ಆರ್‌ಟಿಐ ಕಾಯ್ದೆಯ ಸೆಕ್ಷನ್ 4 ಓದಿ: ಸಬ್ಸಿಡಿ ಯೋಜನೆಗಳ ಫಲಾನುಭವಿಗಳ ವಿವರವನ್ನು ಕೇಳದೆಯೇ ಪ್ರಕಟಿಸಬೇಕು, ತೀರ್ಮಾನದ ಕಾರಣವನ್ನು ಬಾಧಿತರಿಗೆ ತಿಳಿಸಬೇಕು. ಪ್ರಸಾರದ ದಾರಿಗಳನ್ನು ಹೇಳುವಾಗ ಕಾಯ್ದೆ ಇಂಟರ್ನೆಟ್‌ಗಿಂತ ಮೊದಲು ನೋಟಿಸ್ ಬೋರ್ಡ್ ಹೆಸರಿಸುತ್ತದೆ. ಪಂಚಾಯ್ತಿ ಗೋಡೆಗೆ ಸುಣ್ಣ ಬಳಿದು ನಾಲ್ಕು ಸಾಲು ಬರೆದರೆ ಸಾಕು, ಕಾನೂನು ಪಾಲಿಸಿದಂತೆ.

ಈಗ ಗಾಳಿ ಉಲ್ಟಾ ಬೀಸುತ್ತಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಆರ್‌ಟಿಐನ 8(1)(ಜೆ) ಬದಲಾಗಿ, 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಮುಂಚೆ ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ, ಇಲ್ಲವೇ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ಮಾಹಿತಿಗೆ ಮಾತ್ರ ವಿನಾಯಿತಿ ಇತ್ತು. ಈಗ ‘ವೈಯಕ್ತಿಕ ಮಾಹಿತಿ’ ಅಂದರೆ ಮುಗೀತು. ಸರ್ವೆ ನಂಬರ್‌ಗೆ ಒಬ್ಬ ಮಾಲೀಕ ಇರ್ತಾನಲ್ಲ, ಅದೂ ವೈಯಕ್ತಿಕ ಅನ್ನಬಹುದು. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಲು ಅವಕಾಶವಿರುವ 8(2) ಇನ್ನೂ ಉಳಿದಿದೆ, ನಿಜ. ಆದರೆ ಆ ಹಿತ ಎಷ್ಟು ದೊಡ್ಡದು ಅಂತ ಮೊದಲು ತೂಗುವುದು, ಕೊಡಬೇಕಾದ ಕಚೇರಿಯೇ.

ಗ್ರಾಮೀಣಾಭಿವೃದ್ಧಿ ಮತ್ತು ಐಟಿ-ಬಿಟಿ ಎರಡೂ ಖಾತೆಗಳನ್ನು 2023ರಲ್ಲಿ ವಹಿಸಿಕೊಂಡವರು ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ. ವಿಮೆ ಕೃಷಿ ಇಲಾಖೆಯದ್ದು ಎಂಬುದು ಗೊತ್ತು. ಪಂಚಾಯ್ತಿ ಗೋಡೆ ಮಾತ್ರ ಅವರ ಇಲಾಖೆಯದ್ದೇ.

ಅಲ್ಲಿಯವರೆಗೆ 10 ರೂಪಾಯಿ ಇದೆ. ಕರ್ನಾಟಕದ ನಿಯಮದಂತೆ ಆರ್‌ಟಿಐ ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಇದಕ್ಕೆ ಅಷ್ಟೂ ಬೇಡ: ‘ನಮ್ಮ ಪಂಚಾಯ್ತಿಯಲ್ಲಿ ಕಳೆದ ಮುಂಗಾರಿನ ತೊಗರಿ ಕಟಾವು ಪ್ರಯೋಗ ನಡೆದ ಸರ್ವೆ ನಂಬರ್, ದಿನಾಂಕ, ಪ್ರತಿಯೊಂದರ ತೂಕ, ಖಾತರಿ ಇಳುವರಿ ಮತ್ತು ಅದರ ಲೆಕ್ಕಕ್ಕೆ ಹಿಡಿದ 7 ವರ್ಷಗಳ ಅಂಕಿ ಕೊಡಿ.’ ಮಾಲೀಕರ ಹೆಸರು ಕೇಳಬೇಡಿ. ಉತ್ತರಕ್ಕೆ 30 ದಿನ.