ಶರಾವತಿಯ ಬಾಕಿ ಲೆಕ್ಕ

ಶರಾವತಿಯ ಕರೆಂಟು ಅಗ್ಗ ಎಂದು ನಾವೆಲ್ಲ ಕೇಳುತ್ತಲೇ ಬೆಳೆದವರು. ಯೂನಿಟ್ಟಿನ ಲೆಕ್ಕ ಹಿಡಿದರೆ ನಿಜವೇ. ಆದರೆ 2025ರ ಜುಲೈನಲ್ಲಿ ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ, ಆ ಲೆಕ್ಕದಲ್ಲಿ ಬಿಟ್ಟುಹೋದ ಬಾಬ್ತೊಂದು ಕಣ್ಣಿಗೆ ಬಿತ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ನೀರು ನುಂಗಿದ ದಾರಿಯನ್ನು ಮತ್ತೆ ಜೋಡಿಸಲು ಆರು ದಶಕ ಹಿಡಿಯಿತು, ನಾನೂರು ಕೋಟಿ ರೂಪಾಯಿಗೂ ಮಿಕ್ಕಿ ಖರ್ಚಾಯಿತು. ಆ ಹಣ ಹೆದ್ದಾರಿಯ ಖಾತೆಯಿಂದ ಬಂತು. ವಿದ್ಯುತ್ ದರದಲ್ಲಿ ಎಲ್ಲೂ ಸೇರಲಿಲ್ಲ.

ಅಷ್ಟೂ ವರ್ಷ ದಾರಿಯಿಲ್ಲದ ನಷ್ಟವನ್ನು ಹೊತ್ತವರು ಹಿನ್ನೀರಿನಾಚೆಯ ತುಮರಿ, ಕರೂರು ಸೀಮೆಯ ಜನ. ಹೆರಿಗೆ ನೋವು ಬಂದರೂ ಹಾವು ಕಚ್ಚಿದರೂ ಸಾಗರದ ಆಸ್ಪತ್ರೆ ಸೇರಲು ಹಿನ್ನೀರು ದಾಟಿಸುವ ಲಾಂಚಿಗೆ ಕಾಯಬೇಕಿತ್ತು. ಸಂಜೆಯಾದರೆ ಲಾಂಚ್ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ಮುಳುಗಡೆಯಲ್ಲಿ ಗದ್ದೆ, ತೋಟ, ದೇವಸ್ಥಾನ ಬಿಟ್ಟು ಗಂಟುಮೂಟೆ ಕಟ್ಟಿದವರನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳಲ್ಲಿ ಇಳಿಸಲಾಯಿತು. ಅವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಧರಣಿ ಕೂರುತ್ತಿದ್ದಾರೆ. ಕಂದಾಯ ಇಲಾಖೆ ಕೊಟ್ಟ ನೆಲವನ್ನು ಅರಣ್ಯ ಇಲಾಖೆ ತನ್ನದೆನ್ನುತ್ತದೆ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬೆಳೆ ಸಾಲ ಹುಟ್ಟುವುದಿಲ್ಲ. ರಾಜ್ಯಕ್ಕೆ ಬೆಳಕು ಕೊಟ್ಟವರನ್ನು ಒತ್ತುವರಿದಾರರೆಂದು ಕರೆಯುವುದು ನನಗೆ ಅಸಹ್ಯವಾಗಿ ಕಾಣುತ್ತದೆ.

ಈಗ ಅದೇ ಕಣಿವೆಗೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬರುತ್ತಿದೆ. ಕೆಳಗಿನ ಗೇರುಸೊಪ್ಪೆ ಜಲಾಶಯದಿಂದ ಮೇಲಿನ ತಲಕಳಲೆಗೆ ನೀರೆತ್ತಿ, ಬೇಡಿಕೆ ಏರಿದಾಗ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಹಗಲಿನ ಸೌರ ವಿದ್ಯುತ್ತನ್ನು ಸಂಜೆಗೆ ಉಳಿಸುವ ದಾರಿ ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಇಂಥ ಯೋಜನೆ ಹೊಸದಾಗಿ ವಿದ್ಯುತ್ ಹುಟ್ಟಿಸುವುದಿಲ್ಲ. ನೀರೆತ್ತಲು ತಗಲುವಷ್ಟನ್ನು ಹಿಂದಕ್ಕೆ ಕೊಡುವುದೂ ಇಲ್ಲ. ಸುಮಾರು ಐದನೇ ಒಂದು ಪಾಲು ನಷ್ಟವಾಗುತ್ತದೆ. ಇದಕ್ಕೆ ಬೇಕಾದ ಸುರಂಗ, ರಸ್ತೆಗಳಿಗೆ ಆರಿಸಿಕೊಂಡ ಜಾಗವಾದರೂ ಎಂಥದು? ಸಿಂಗಳೀಕಗಳ ಅಭಯಾರಣ್ಯ. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ, ಕೊಂಬೆಯಿಂದ ಕೊಂಬೆಗೇ ಅದರ ಬದುಕು. ರಸ್ತೆ ಅಗಲವಾಗಿ ಮೇಲಿನ ಹಸಿರು ಚಪ್ಪರ ಹರಿದರೆ ಅದರ ಗುಂಪುಗಳು ಬೇರ್ಪಡುತ್ತವೆ. ಬೇರೆಡೆ ಸಸಿ ನೆಟ್ಟು ಇದನ್ನು ಸರಿದೂಗಿಸಲಾಗದು. ಮಳೆಗಾಲದಲ್ಲಿ ಘಟ್ಟದ ಗುಡ್ಡಗಳು ಕುಸಿಯುವುದನ್ನು ವರ್ಷ ವರ್ಷವೂ ನೋಡುತ್ತಿದ್ದೇವೆ. ಕುಸಿದ ರಸ್ತೆಯ ದುರಸ್ತಿ ಯಾವ ಖಾತೆಗೆ ಬೀಳುತ್ತದೆ? ನದಿಯ ಹರಿವು ಏರುಪೇರಾದರೆ ಹೊನ್ನಾವರದ ಕೆಳದಂಡೆಯಲ್ಲಿ ಮೀನು, ಚಿಪ್ಪು ಹಿಡಿದು ಬದುಕುವವರ ನಷ್ಟವನ್ನು ಬರೆದಿಡುವವರು ಯಾರು?

ಯೋಜನೆಯ ಅಂದಾಜು ಪಟ್ಟಿಯಲ್ಲಿ ಇವೆಲ್ಲ ರೂಪಾಯಿಗಳಲ್ಲಿ ಬರಬೇಕು. ಬ್ಯಾಟರಿಯಲ್ಲಿ ಇಷ್ಟೇ ವಿದ್ಯುತ್ ಕೂಡಿಡಲು ತಗಲುವ ವೆಚ್ಚವನ್ನು ಪಕ್ಕದಲ್ಲಿಟ್ಟು, ಸಾಗರ, ಹೊನ್ನಾವರದ ಜನರ ಮುಂದೆ ಕನ್ನಡದಲ್ಲೇ ಓದಬೇಕು. ಅದಕ್ಕೂ ಮೊದಲು 1964ರ ಮುಳುಗಡೆಯವರ ಕೈಗೆ ಹಕ್ಕುಪತ್ರ ಸಿಗಬೇಕು. ಅಲ್ಲಿಯವರೆಗೆ ಕಣಿವೆಯ ಒಂದು ಮರಕ್ಕೂ ಕೊಡಲಿ ತಾಗಬಾರದು.